ಮದ್ದುಸೊಪ್ಪಿನ ಪಾಯಸವೂ ನನ್ನ ಲಾಟೀನೂ

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಿದ್ಯುತ್ತಿನ ಪಾಠ ಮಾಡುವಾಗ ನನ್ನ ದನಿ ತಾನಾಗಿಯೇ ಒಂದು ಸ್ವರ ಮೇಲೇರುತ್ತದೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಧನ ಧ್ರುವ, ಋಣ ಧ್ರುವ, ಮಂಡಲ, ಪ್ರವಾಹ ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿವೆ. ಮನೆಯಲ್ಲಿ ಮಾತ್ರ ಇದ್ಯಾವುದಕ್ಕೂ ಬೆಲೆಯಿಲ್ಲ. ಮಿಕ್ಸಿ ಕೆಟ್ಟರೆ ನನ್ನ ಹೆಂಡತಿ ಜಯ ಅದನ್ನು ಮೊದಲು ನನ್ನ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುತ್ತಾಳೆ, ಆಮೇಲೆ ರಿಪೇರಿಗೆ ಕಳಿಸುತ್ತಾಳೆ.

ಆದ್ದರಿಂದ ಲಾಟೀನಿನ ಪ್ರಸಂಗ ಎದುರಾದಾಗ, ನನ್ನ ವಿದ್ಯೆಗೆ ಕೊನೆಗೂ ಒಂದು ಕಾಲ ಬಂತೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ನಮ್ಮದು ಹಾಸನದ ಕಡೆಯ ಒಕ್ಕಲು ಮನೆತನ. ನನ್ನ ಕೆಲಸದ ನೆಪದಲ್ಲಿ ಬಂದು, ಮಡಿಕೇರಿಯ ಹೊರಗೆ ಇಳಿಜಾರಿನ ಮೇಲೊಂದು ಮನೆ ಕಟ್ಟಿಕೊಂಡು ಇಲ್ಲಿಯವರೇ ಆಗಿಬಿಟ್ಟಿದ್ದೇವೆ. ಮನೆಯಲ್ಲಿ ನಾನು, ಜಯ, ನನ್ನ ಅವ್ವ. ಕೆಳಗಿನ ಕಾಫಿ ತೋಟ ಬೆಳ್ಯಪ್ಪನವರದು. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋಯಿತು ಎಂದು ಯಾರೂ ಹೇಳುವುದಿಲ್ಲ, ಬಂದರೆ ಮಾತ್ರ ಹೇಳುತ್ತಾರೆ. ಎಲ್ಲೋ ಒಂದು ಮರ ತಂತಿಯ ಮೇಲೆ ಒರಗಿರುತ್ತದೆ. ಲೈನ್‌ಮನ್‌ಗಳು ಪಾಪ ಮಳೆಯಲ್ಲಿ ನೆನೆಯುತ್ತಾ ಅದನ್ನು ಕಡಿದು ಮುಗಿಸುವಷ್ಟರಲ್ಲಿ ಇನ್ನೊಂದು ಮರ ಒರಗಿರುತ್ತದೆ.

ಅಂಥ ಜುಲೈ ತಿಂಗಳ ಒಂದು ಬೆಳಿಗ್ಗೆ ಜಯಳ ಫೋನಿಗೆ ಜಿಲ್ಲೆಯ ರೇಡಿಯೋದವರಿಂದ ಕರೆ ಬಂತು. ಕಕ್ಕಡ ಹದಿನೆಂಟು ಹತ್ತಿರವಾಗುತ್ತಿತ್ತು. ಕಕ್ಕಡವೆಂದರೆ ಆಟಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳು. ಅದರ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ತುಂಬಿರುತ್ತದೆಂದು ಕೊಡಗಿನ ಮನೆಮನೆಯಲ್ಲೂ ಆ ಸೊಪ್ಪು ಕುದಿಸಿ, ಬರುವ ನೇರಳೆ ಬಣ್ಣದ ರಸದಲ್ಲಿ ಪಾಯಸ ಮಾಡುತ್ತಾರೆ. ಜಯ ಅದನ್ನು ಬೆಳ್ಯಪ್ಪನವರ ಹೆಂಡತಿಯಿಂದ ಕಲಿತಳು. ಈಗ ಕಲಿಸಿದವರೇ ನಮ್ಮ ಮನೆಗೆ ಬಂದು ಇನ್ನೊಂದು ಲೋಟ ಕೇಳುತ್ತಾರೆ. ಆ ದಿನ ಸಂಜೆ ನೇರ ಪ್ರಸಾರದಲ್ಲಿ, ಫೋನಿನ ಮೂಲಕ, ಪಾಯಸ ಮಾಡುವ ಬಗೆಯನ್ನು ಹೇಳಬೇಕೆಂದು ರೇಡಿಯೋದವರು ಕೇಳಿದ್ದರು.

ಜಯ ಅಷ್ಟು ಹಿಗ್ಗಿದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ಹಾಸನದಿಂದ ಬಂದವಳನ್ನು ಕೊಡಗಿನ ಪಾಯಸ ಹೇಳಲು ಕರೆಯುವುದೆಂದರೆ ಸಣ್ಣ ಮರ್ಯಾದೆಯಲ್ಲ. ಅವಳು ಅಡುಗೆಮನೆಯ ಬಾಗಿಲು ಹಾಕಿಕೊಂಡು ಡಬ್ಬಿಗಳ ಎದುರು ಅಭ್ಯಾಸ ಶುರುಮಾಡಿದಳು. ನಾನು ಬಾಗಿಲಿಗೆ ಕಿವಿಗೊಟ್ಟರೆ ಅದು ಹೇಗೋ ಒಳಗೆ ಗೊತ್ತಾಗುತ್ತಿತ್ತು.

"ಅಲ್ಲಿಂದ ಹೋಗ್ರೀ. ಕೇಳೋದಿದ್ರೆ ರೇಡಿಯೋದಲ್ಲೇ ಕೇಳಿ. ಕೊನೇಲಿ ನಂದೇ ಒಂದು ಗುಟ್ಟಿದೆ. ಅದನ್ನ ಅತ್ತೆಗೂ ಹೇಳಿಲ್ಲ. ಅವತ್ತೇ ಹೇಳೋದು."

ಅವಳಿಗಿದ್ದದ್ದು ಒಂದೇ ಚಿಂತೆ. "ಅವತ್ತು ಕರೆಂಟ್ ಇರಲ್ಲ ಅನ್ನೋದು ಗ್ಯಾರಂಟಿ. ಮಾತಾಡ್ತಾ ಮಾತಾಡ್ತಾ ಫೋನ್ ಆಫ್ ಆಗಿಬಿಟ್ರೆ? ಸುಮ್ನೆ ಒಂದು ಪವರ್ ಬ್ಯಾಂಕ್ ತಂದ್ಬಿಡಿ."

ಸುಮ್ಮನೆ ಒಂದು ಪವರ್ ಬ್ಯಾಂಕು! ವಿಜ್ಞಾನದ ಮೇಷ್ಟ್ರ ಮನೆಯಲ್ಲಿ!

"ಜಯಾ," ಎಂದೆ, ವಿದ್ಯುತ್ ಪಾಠದ ಸ್ವರದಲ್ಲಿ. "ಪವರ್ ಬ್ಯಾಂಕು ಫೋನಿಗೆ ಮಾತ್ರ. ನಮಗೆ ಬೇಕಾಗಿರೋದು ಸಮಗ್ರ ಪರಿಹಾರ. ಮನೆಗೆ ಬೆಳಕೂ ಕೊಡಬೇಕು, ಫೋನೂ ಚಾರ್ಜ್ ಮಾಡಬೇಕು. ಕ್ಯಾಂಪಿಂಗ್ ಲಾಟೀನು ಅಂತ ಬರುತ್ತೆ. ಅದನ್ನ ನನಗೆ ಬಿಡು."

"ನಾವು ಯಾವ ಕಾಡಿಗೆ ಕ್ಯಾಂಪಿಗೆ ಹೋಗ್ತಿದೀವಿ?"

"ಮಳೆಗಾಲದಲ್ಲಿ ನಮ್ಮ ಮನೆಯೇ ಕ್ಯಾಂಪು."

ಈ ಮಾತು ನನಗೆ ಬಹಳ ಇಷ್ಟವಾಯಿತು. ಜಯಳಿಗೆ ಆಗಲಿಲ್ಲ.

ಮುಂದಿನ ದಿನಗಳು ಗಂಭೀರ ಅಧ್ಯಯನಕ್ಕೆ ಮೀಸಲಾದವು. ಸ್ಟಾಫ್ ರೂಮಿನಲ್ಲಿ ಕೂತು ಲಾಟೀನುಗಳ ವಿಡಿಯೋ ನೋಡಿ ನೋಡಿ ಫೋನಿನಲ್ಲಿದ್ದ ಚಾರ್ಜೆಲ್ಲ ಮುಗಿಸಿದೆ. ಒಂದು ವಿಡಿಯೋದಲ್ಲಿ ಗಡ್ಡದವನೊಬ್ಬ ಲಾಟೀನನ್ನು ಹಿಮದಲ್ಲಿ ಹೂತ, ಅದರ ಮೇಲೆ ಜೀಪು ಹತ್ತಿಸಿದ, ಕೊನೆಗೆ ಕೆರೆಗೆ ಎಸೆದು, ಹೊರಗೆ ತೆಗೆದು, ಹೊತ್ತಿಸಿ ತೋರಿಸಿದ. ಎಲ್ಲ ಪರೀಕ್ಷೆಯಲ್ಲೂ ಅದು ಪಾಸಾಯಿತು. ಅವನ ಮನೆಯಲ್ಲಿ ನನ್ನ ಅವ್ವ ಇರಲಿಲ್ಲ, ಅದೊಂದು ಪರೀಕ್ಷೆ ಮಾತ್ರ ಬಾಕಿಯಿತ್ತು.

ಭಾನುವಾರ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋದೆ. ಅಂಗಡಿಯವರು ಒಂದು ಪುಟ್ಟ ಲಾಟೀನು ತೆಗೆದು ಮುಂದಿಟ್ಟರು.

"ಇದು ನೋಡಿ ಸಾರ್. ಸಿಂಪಲ್. ಒಂದೇ ಸ್ವಿಚ್ಚು. ಮನೆಗೆ ಇದು ಧಾರಾಳ ಸಾಕು."

"ಇದರಲ್ಲಿ ಏನೇನಿದೆ?"

"ಲೈಟ್ ಇದೆ ಸಾರ್. ಫೋನ್ ಚಾರ್ಜ್ ಆಗ್ತದೆ."

"ಅದು ಬಿಟ್ಟು?"

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಏನೋ ಅರ್ಥವಾದವರ ಹಾಗೆ ಮೇಲಿನ ಅಟ್ಟಣೆಯಿಂದ ದೊಡ್ಡ ಡಬ್ಬವೊಂದನ್ನು ಇಳಿಸಿದರು. ಅದರೊಳಗಿನ ಲಾಟೀನಿಗೆ ಬಿಳಿ ಬೆಳಕು, ಹಳದಿ ಬೆಳಕು, ಮಿಣುಕುವ ಕೆಂಪು ಬೆಳಕು, ತಲೆಯ ಮೇಲೆ ಸೋಲಾರ್ ಹಲಗೆ, ಹೊಟ್ಟೆಯಲ್ಲಿ ಎಫ್‌ಎಂ ರೇಡಿಯೋ, ಅಪಾಯದ ಕಾಲಕ್ಕೆ ಸೈರನ್, ಹಿಡಿಕೆಯಲ್ಲಿ ದಿಕ್ಸೂಚಿ ಎಲ್ಲವೂ ಇದ್ದವು. ಕರೆಂಟು ಹೋದಾಗ ನಮ್ಮ ಮನೆಯಲ್ಲಿ ಉತ್ತರ ಯಾವ ಕಡೆಗಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಆದರೂ ಇರಲಿ ಎನಿಸಿತು.

"ಬಿಸಿಲಲ್ಲಿ ಇಟ್ಟರೆ ಸಾಕು ಸಾರ್, ತನ್ನಷ್ಟಕ್ಕೆ ಚಾರ್ಜ್ ಆಗ್ತದೆ," ಎಂದರು ಅಂಗಡಿಯವರು.

ಇಬ್ಬರೂ ಒಮ್ಮೆ ಹೊರಗೆ ನೋಡಿದೆವು. ಮಳೆ ಸುರಿಯುತ್ತಿತ್ತು. ಆ ವಿಷಯವನ್ನು ಇಬ್ಬರೂ ಮುಂದುವರಿಸಲಿಲ್ಲ. ಅಂಗಡಿಯ ಕರೆಂಟಿನಲ್ಲೇ ಪೂರ್ತಿ ಚಾರ್ಜ್ ಮಾಡಿಸಿ, ಅದರ ಹೊಟ್ಟೆಯ ಮೇಲಿನ ನಾಲ್ಕು ಪುಟ್ಟ ಹಸಿರು ಚುಕ್ಕೆಗಳೂ ಬೆಳಗುವುದನ್ನು ಕಣ್ಣಾರೆ ನೋಡಿ, ವಿಜಯಿಯಾಗಿ ಮನೆಗೆ ಬಂದೆ.

ಹೊಸ್ತಿಲಲ್ಲೇ ಅವ್ವ ತಡೆದಳು.

"ಏನ್ಲಾ ಅದು ಡಬ್ಬದಲ್ಲಿ?"

"ಲಾಟೀನು ಅವ್ವಾ."

"ಹೊಸದಾ?"

"ಹೊಸದೇ. ಒಳ್ಳೇ ಮಾಲು."

"ಆಷಾಢದಲ್ಲಿ ಯಾರ್ಲಾ ಮನೆಗೆ ಹೊಸ ಸಾಮಾನು ತತ್ತಾರೆ? ಅದೂ ದೀಪಾನ? ಅಲ್ಲೇ ಜಗಲಿ ಮೇಲೆ ಮಡಗು. ಒಳಿಕ್ಕೆ ತರಬ್ಯಾಡ."

ಆಷಾಢ ಇನ್ನೇನು ಮುಗಿಯುತ್ತದೆ ಎಂದು ವಾದಿಸಿದೆ. "ಆಷಾಢ ಮುಗುದ್ರೆ ಕಕ್ಕಡ ಇನ್ನೂ ಅದೆಯಲ್ಲ," ಎಂದಳು. "ಇಲ್ಲಿಯೋರು ಕಕ್ಕಡದಲ್ಲಿ ಹೊಸದು ಏನೂ ಮಾಡಾಕಿಲ್ಲ. ಇರೋ ಊರಿನ ಕಟ್ಲೆನೂ ನೋಡ್ಬೇಕು." ಹುಟ್ಟಿದೂರಿನ ಆಷಾಢ, ಬಾಳುವ ಊರಿನ ಕಕ್ಕಡ ಎರಡನ್ನೂ ಹೆಣೆದುಕೊಂಡು ಅವ್ವ ಇಡೀ ಮಳೆಗಾಲಕ್ಕೇ ಬೀಗ ಹಾಕಿಬಿಟ್ಟಿದ್ದಳು. ಲಾಟೀನು ಜಗಲಿಯ ಬೆಂಚಿನ ಮೇಲೆ ಡಬ್ಬದೊಳಗೇ ಕೂತಿತು. ಒಳಗೆ ನಾವು ಕತ್ತಲೆಯಲ್ಲಿ ಊಟ ಮಾಡಿದೆವು.

ವೈಜ್ಞಾನಿಕ ಮನಸ್ಸು ಸೋಲೊಪ್ಪುವುದಿಲ್ಲ. ನಾನು ಸಮಸ್ಯೆಯನ್ನು ಬಿಡಿಸಿ ನೋಡಿದೆ. ಅವ್ವನ ತಕರಾರು ಲಾಟೀನಿನ ಮೇಲಲ್ಲ, ಅದು ಹೊಸದಾಗಿರುವುದರ ಮೇಲೆ. ಹಾಗಾದರೆ ಅದನ್ನು ಹಳೆಯದು ಮಾಡಿಬಿಟ್ಟರೆ? ಅವ್ವನನ್ನು ಕೇಳಿದೆ. ಅವಳು, "ಯಾರಾದ್ರೂ ಬಳಸಿದ್ದು ಆದ್ರೆ ಅಡ್ಡಿಯಿಲ್ಲ," ಎಂದಳು.

ತಕ್ಷಣ ಡಬ್ಬ ಹಿಡಿದು ಬೆಳ್ಯಪ್ಪನವರ ಮನೆಗೆ ಇಳಿದೆ. ಒಂದೆರಡು ದಿನ ಉರಿಸಿ ಹಳೆಯದು ಮಾಡಿ ಕೊಡಬೇಕೆಂದು ಕೇಳಿಕೊಂಡೆ. ಅವರು ಮೀಸೆಯ ಮೇಲೆ ಕೈಯಾಡಿಸಿದರು.

"ನಮಗೂ ಕಕ್ಕಡ ಅಲ್ವಾ ಮೇಷ್ಟ್ರೇ. ಹೊಸದು ಮನೆ ಒಳಗೆ ಬೇಡ, ನನ್ನ ಮಿಸೆಸ್ ಬಿಡೋದಿಲ್ಲ. ಒಂದು ಕೆಲಸ ಮಾಡೋಣ. ಹಂದಿಗೂಡಲ್ಲಿ ಇಡ್ತೇನೆ. ಹಂದಿಗೆ ಕಕ್ಕಡ ಇಲ್ಲ."

ತರ್ಕದಲ್ಲಿ ದೋಷವಿರಲಿಲ್ಲ. ಒಪ್ಪಿದೆ.

ಒಂದೆರಡು ದಿನವೆಂದದ್ದು ಕಕ್ಕಡ ಹದಿನೆಂಟರ ಬೆಳಗಿನವರೆಗೂ ಬೆಳೆಯಿತು. ಆ ಬೆಳಿಗ್ಗೆ ಬೆಳ್ಯಪ್ಪನವರು ಒಂದು ಕೈಯಲ್ಲಿ ಮದ್ದುಸೊಪ್ಪಿನ ಕಟ್ಟು, ಇನ್ನೊಂದು ಕೈಯಲ್ಲಿ ಲಾಟೀನು ಹಿಡಿದು ಬಂದರು.

"ಫಸ್ಟ್ ಕ್ಲಾಸ್ ಲೈಟ್ ಮೇಷ್ಟ್ರೇ. ಹಂದಿ ಮರಿ ಹಾಕಿತು. ಆರಿಸಲೇ ಇಲ್ಲ ನಾನು. ರೇಡಿಯೋನೂ ಹಾಕಿಟ್ಟಿದ್ದೆ. ಪಾಟು, ಹಾಡು ಕೇಳಿದ್ರೆ ಅದು ಸುಮ್ಮನೆ ಮಲಗ್ತದೆ."

ಲಾಟೀನು ಹಳೆಯದಾಗಿತ್ತು. ಬೇಕಾದ್ದಕ್ಕಿಂತ ಹೆಚ್ಚೇ ಆಗಿತ್ತು. ಮೈಯೆಲ್ಲ ಕೆಸರು, ಹಿಡಿಕೆಗೆ ಹುಲ್ಲು, ದಿಕ್ಸೂಚಿಯ ಮೇಲೆ ಏನೆಂದು ಕೇಳಬಾರದ ಒಂದು ಮುದ್ದೆ. ನಾಲ್ಕು ಚುಕ್ಕೆಗಳಲ್ಲಿ ಒಂದೇ ಒಂದು, ಅದೂ ಕೆಂಪಾಗಿ, ಉಸಿರಾಡುತ್ತಿತ್ತು. ಅವ್ವ ಹತ್ತಿರ ಬಂದು ಮೂಸಿದಳು.

"ಎಲ್ಲಿತ್ತು ಇದು?"

"ಬೆಳ್ಯಪ್ಪನವರ ಕಟ್ಟಡದಲ್ಲಿ," ಎಂದೆ. ಅವ್ವನ ಮೂಗಿಗೆ ಯಾವ ಕಟ್ಟಡವೆಂದು ವಿವರಿಸುವ ಅಗತ್ಯ ಬೀಳಲಿಲ್ಲ.

ಶುದ್ಧೀಕರಣ ಆರಂಭವಾಯಿತು. ಬೂದಿ ಹಾಕಿ ಒರೆಸಿದಳು, ಅರಿಶಿನದ ನೀರು ಚಿಮುಕಿಸಿದಳು. ಕೆರೆಗೆ ಎಸೆದರೂ ಬದುಕುವ ಜಾತಿಯದಾದ್ದರಿಂದ ಲಾಟೀನು ಸಹಿಸಿಕೊಂಡಿತು. ಆಮೇಲೆ ಗಂಧ ತೇಯ್ದು, ಕುಂಕುಮದ ಬಟ್ಟಲು ತಂದಳು. "ಹಳೇದಾದ್ರೂ ದೀಪ ದೀಪವೇ," ಎನ್ನುತ್ತಾ ನೆತ್ತಿಗೆ, ಹಿಡಿಕೆಗೆ, ಹೊಟ್ಟೆಗೆ ದಪ್ಪ ದಪ್ಪ ಬೊಟ್ಟಿಟ್ಟಳು. ಪಕ್ಕದಲ್ಲಿ ವಯರು ಸಿಕ್ಕಿಸಲು ಒಂದೇ ಆಕಾರದ ಎರಡು ತೂತುಗಳಿದ್ದವು. ಅವು ಕಣ್ಣಿನ ಹಾಗೆ ಕಾಣುತ್ತವೆಂದು ಎರಡರ ಮೇಲೂ ಹುಬ್ಬಿನ ಜಾಗದಲ್ಲಿ ಗಂಧ ಬಳಿದು, ಅದರ ಮೇಲೆ ಕುಂಕುಮ ಒತ್ತಿದಳು. ಆ ಜಾಗದಲ್ಲಿ ಏನೋ ಸಣ್ಣ ಅಕ್ಷರಗಳಿದ್ದವು. ನಾನು ಅವನ್ನು ಗಮನಿಸಿದ್ದೆ, ಆದರೆ ಓದಿರಲಿಲ್ಲ. ಇಂಥವನ್ನೆಲ್ಲ ಓದುವುದು ವಿಜ್ಞಾನ ಗೊತ್ತಿಲ್ಲದವರ ಕೆಲಸ.

ಮಧ್ಯಾಹ್ನ ಊಟ ಮುಗಿಯಿತು. ಕರೆಂಟು ಎರಡು ದಿನದಿಂದ ಇರಲಿಲ್ಲ. ಜಯ ಬೆಳಗಿನಿಂದ ತನ್ನ ಫೋನನ್ನು ಅನಗತ್ಯವಾಗಿ ಮುಟ್ಟಿರಲಿಲ್ಲ. ಸ್ವಂತ ತಂಗಿ ಕರೆ ಮಾಡಿದರೂ "ಆಮೇಲೆ ಮಾತಾಡ್ತೀನಿ ಕಣೆ, ಚಾರ್ಜ್ ಉಳಿಸ್ಬೇಕು," ಎಂದು ಇಟ್ಟಿದ್ದಳು. ಅದರಲ್ಲಿ ಅರ್ಧಕ್ಕೂ ಹೆಚ್ಚು ಚಾರ್ಜು ಉಳಿದಿತ್ತು.

"ಸಾಕು ಬಿಡ್ರೀ," ಎಂದಳು. "ಅರ್ಧ ಗಂಟೆ ಮಾತಿಗೆ ಇದು ಬೇಕಾದಷ್ಟಾಯ್ತು. ಲಾಟೀನು ಬೇಡ."

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಅರ್ಧಂಬರ್ಧ ಚಾರ್ಜಿನಲ್ಲಿ ನೇರ ಪ್ರಸಾರಕ್ಕೆ ಕೂರೋದಾ? ಲಾಟೀನಿನಲ್ಲಿ ಇನ್ನೂ ಒಂದು ಚುಕ್ಕೆ ಇದೆ. ಕೊನೆಯ ಹನಿವರೆಗೂ ನಿನ್ನ ಫೋನಿಗೇ ಕೊಡಿಸ್ತೀನಿ," ಎಂದು ಫೋನು ಕಿತ್ತುಕೊಂಡು, ವಯರಿನ ಒಂದು ತುದಿಯನ್ನು ಅದಕ್ಕೂ ಇನ್ನೊಂದು ತುದಿಯನ್ನು ಲಾಟೀನಿನ ಬಲಗಣ್ಣಿಗೂ ಚುಚ್ಚಿದೆ.

ಸ್ವಲ್ಪ ಹೊತ್ತಿನಲ್ಲೇ ಕೆಂಪು ಚುಕ್ಕೆ ಹಸಿರಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಎರಡನೆಯದು ಬೆಳಗಿತು.

"ನೋಡು ಜಯಾ! ಕೊಡ್ತಾ ಕೊಡ್ತಾ ಇದರ ಶಕ್ತಿ ಹೆಚ್ಚಾಗ್ತಾ ಇದೆ!"

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಆ ನಿಯಮ ನನ್ನ ಜಗಲಿಯಲ್ಲೇ ಮುರಿದುಬಿದ್ದರೂ ನನಗೆ ಅನುಮಾನ ಬರಲಿಲ್ಲ, ಹೆಮ್ಮೆ ಬಂತು. ಒಳ್ಳೆಯ ಮಾಲು ಎಂದುಕೊಂಡು ಒಂದು ಸಣ್ಣ ನಿದ್ದೆ ತೆಗೆದೆ.

ಎದ್ದಾಗ ಜಯ ಎದುರಿಗೆ ನಿಂತಿದ್ದಳು. "ರೀ, ಇದು ಆನ್ ಆಗ್ತಿಲ್ಲ."

ಫೋನು ಕಪ್ಪಗೆ, ತಣ್ಣಗೆ ಮಲಗಿತ್ತು. ಲಾಟೀನಿನ ಮೇಲೆ ಚುಕ್ಕೆಗಳು ಮಿನುಗುತ್ತಿದ್ದವು. ದೋಷ ಫೋನಿನದೋ ವಯರಿನದೋ ತಿಳಿಯಬೇಕಾದರೆ ಇನ್ನೊಂದು ಫೋನು ಸಿಕ್ಕಿಸಿ ಹೋಲಿಸಬೇಕು. ಇದಕ್ಕೆ ನಿಯಂತ್ರಿತ ಪ್ರಯೋಗ ಎನ್ನುತ್ತಾರೆ. ನನ್ನ ಫೋನಿನಲ್ಲಿ ವಿಡಿಯೋಗಳಿಂದ ಪಾರಾದ ಚೂರುಪಾರು ಚಾರ್ಜಿತ್ತು. ಸಿಕ್ಕಿಸಿದೆ. ಪ್ರಯೋಗ ಯಶಸ್ವಿಯಾಯಿತು. ಅದೂ ಸತ್ತಿತು.

ಅವ್ವ ಗೋಡೆಗೊರಗಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. "ಲೋ, ಅದು ಲಾಟೀನಲ್ಲ ಕಣ್ಲಾ, ಇಂಬಳ. ಕಚ್ಕಂಡು ಕುಡೀತಾ ಅದೆ. ಹೊಟ್ಟೆ ತುಂಬಿ ಎಂಗ್ ಹೊಳೀತದೆ ನೋಡು. ಒಸಿ ಉಪ್ಪು ಹಾಕು, ಬಿಡ್ತದೆ."

ಮಳೆಗಾಲದಲ್ಲಿ ತೋಟ ತಿರುಗಿದವರಿಗೆ ಕಾಲಿಗೆ ಕಚ್ಚಿ ರಕ್ತ ಹೀರುವ ಇಂಬಳದ ಬುದ್ಧಿ ಗೊತ್ತು. ನನಗೂ ಆಗ ವಿಷಯ ಹೊಳೆಯಿತು. ಲಾಟೀನು ಫೋನಿಗೆ ಕೊಡುತ್ತಿರಲಿಲ್ಲ. ಫೋನಿನಿಂದ ಕುಡಿಯುತ್ತಿತ್ತು.

ಜಯ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರೇಷ್ಮೆ ಸೀರೆ ಉಟ್ಟಿದ್ದಳು, ರೇಡಿಯೋದಲ್ಲಿ ಸೀರೆ ಕಾಣುವುದಿಲ್ಲವೆಂದು ಗೊತ್ತಿದ್ದೂ. ಕುರ್ಚಿಯಲ್ಲಿ ಕೂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಎಲ್ಲರಿಗೂ ಕೇಳಿ ಅಂತ ಹೇಳಿಬಿಟ್ಟಿದ್ದೆ," ಎಂದಳು, ಅಷ್ಟೇ. ಆ ಕ್ಷಣದಲ್ಲಿ ಅವಳಿಗೋಸ್ಕರ ಏನು ಮಾಡಲೂ ನಾನು ತಯಾರಿದ್ದೆ. ನನ್ನ ವಿಷಯದಲ್ಲಿ ಅಪಾಯ ಶುರುವಾಗುವುದೇ ಅಲ್ಲಿಂದ.

ಹೋದ ಚಾರ್ಜನ್ನು ವಾಪಸು ಕಕ್ಕಿಸಲೇಬೇಕೆಂದು ಲಾಟೀನಿನ ಮೇಲಿದ್ದ ಗುಂಡಿಗಳನ್ನೆಲ್ಲ ಒಂದರ ಮೇಲೊಂದು ಒತ್ತಿದೆ. ಬಿಳಿ ಬೆಳಕು ಬಂತು. ಹಳದಿ ಬಂತು. ಕೆಂಪು ಮಿಣುಕಿತು. ಆಮೇಲೆ ಸೈರನ್ ಹೊಡೆದುಕೊಂಡಿತು.

ಅದು ಸಾಮಾನ್ಯ ಸೈರನ್ ಅಲ್ಲ. ಕಾಡಿನಲ್ಲಿ ದಾರಿ ತಪ್ಪಿದವನು ಇಡೀ ಪರ್ವತಕ್ಕೆ ಕೇಳಿಸಲು ಮಾಡಿದ್ದು. ಅವ್ವ ಕಿವಿ ಮುಚ್ಚಿಕೊಂಡಳು, ಊರಿನ ನಾಯಿಗಳೆಲ್ಲ ದನಿಗೂಡಿಸಿದವು. ನಿಲ್ಲಿಸುವ ಗುಂಡಿ ಯಾವುದೆಂದು ನಾನು ಹುಡುಕುತ್ತಿರುವಾಗಲೇ ಬೆಳ್ಯಪ್ಪನವರ ಜೀಪು ಏರಿ ಬಂದು ಅಂಗಳದಲ್ಲಿ ನಿಂತಿತು. ರೈನ್‌ಕೋಟು ಹಾಕಿಕೊಂಡು ಕೋವಿ ಹಿಡಿದೇ ಇಳಿದರು. ನಮ್ಮ ಕಡೆ ಸೈರನ್ ಕೂಗಿದರೆ ತೋಟಕ್ಕೆ ಆನೆ ನುಗ್ಗಿತೆಂದೇ ಅರ್ಥ.

"ಆನೆ ಎಲ್ಲಿ?"

"ಇಲ್ಲೇ ನಿಂತದಲ್ಲ," ಎಂದು ಅವ್ವ ನನ್ನ ಕಡೆ ಕೈ ತೋರಿಸಿದಳು.

ಜಯ ನಡೆದದ್ದನ್ನೆಲ್ಲ ಹೇಳಿದಳು. ಬೆಳ್ಯಪ್ಪನವರು ಮೊದಲು ನನ್ನ ಕೈಯಿಂದ ಲಾಟೀನು ಇಸಿದುಕೊಂಡು, ಒಂದು ಗುಂಡಿಯನ್ನು ಒತ್ತಿಹಿಡಿದು ಸೈರನ್ ನಿಲ್ಲಿಸಿದರು. ಹಂದಿಗೂಡಿನಲ್ಲಿ ಅವರಿಗೆ ಇದರ ಪೂರ್ತಿ ಪರಿಚಯವಾಗಿತ್ತು.

"ಅದಕ್ಕೆ ಯಾಕೆ ತಲೆಬಿಸಿ? ಜೀಪಲ್ಲಿ ಚಾರ್ಜರ್ ಇದೆ. ಬ್ಯಾಟರಿ ಮಾತ್ರ ವೀಕು. ಇಂಜಿನ್ ಓಡ್ತಾ ಇರಬೇಕು, ನಾನು ಆಕ್ಸಿಲರೇಟರ್ ಬಿಡೋ ಹಾಗಿಲ್ಲ. ಕೂತ್ಕೊಳ್ಳಿ ಬನ್ನಿ."

ಜಯ ಮುಂದಿನ ಸೀಟಿನಲ್ಲಿ ಕೂತಳು, ಅವ್ವ ಹಿಂದೆ, ಬೆಳ್ಯಪ್ಪನವರು ಆಕ್ಸಿಲರೇಟರ್ ಮೇಲೆ. ನನಗೆ ಒಳಗೆ ಜಾಗ ಕೊಡಬಾರದೆಂದು ಒಮ್ಮತದ ತೀರ್ಮಾನವಾಯಿತು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬೆಳಗುವ ಲಾಟೀನು ಹಿಡಿದು ಜಯಳ ಕಿಟಕಿಯ ಪಕ್ಕ ನಿಂತೆ. ವಯರಿನ ಆಸರೆಯಲ್ಲಿ ಫೋನು ಕಣ್ಣು ಬಿಟ್ಟಿತು. ಅದೇ ಹೊತ್ತಿಗೆ ಕರೆ ಬಂತು.

ಜಯ ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ಮಳೆಯಲ್ಲಿ ನೆನೆಯುತ್ತಿದ್ದೇನೆಂಬುದೇ ಮರೆತುಹೋಯಿತು. ನಡುವೆ ರೇಡಿಯೋದವರು, "ಮೇಡಂ, ನಿಮ್ಮ ಹಿಂದೆ ಏನೋ ಗುರ್ ಅಂತ ಸದ್ದು ಬರ್ತಿದೆಯಲ್ಲ?" ಎಂದು ಕೇಳಿದರು.

"ಮಳೆ," ಎಂದಳು ಜಯ, ಒಂದಿಷ್ಟೂ ತಡವರಿಸದೆ.

ಸೊಪ್ಪನ್ನು ದಂಟಿನ ಸಮೇತ ತೊಳೆದು ನೀರು ಕಡುನೇರಳೆಯಾಗುವವರೆಗೆ ಕುದಿಸುವುದನ್ನು ಹೇಳಿದಳು. ಸೋಸಿದ ರಸದಲ್ಲೇ ಅಕ್ಕಿ ಬೇಯಿಸುವುದು, ಬೆಲ್ಲ ಹಾಕುವುದು, ಕಾಯಿಹಾಲು ಬೆರೆಸುವುದು ಹೇಳಿದಳು. "ಮಾರನೇ ದಿನ ಬಚ್ಚಲಿಗೆ ಹೋದಾಗ ಕೆಂಪು ಬಣ್ಣ ನೋಡಿ ಯಾರೂ ಗಾಬರಿ ಆಗಬಾರದು, ಅದು ಮದ್ದು ಮೈಗೆ ಹತ್ತಿದ ಗುರುತು," ಎಂದಾಗ ರೇಡಿಯೋದವರು ನಕ್ಕರು. ಬೆಳ್ಯಪ್ಪನವರು ಹೆಬ್ಬೆರಳು ಎತ್ತಿ ಭೇಷ್ ಎಂದರು.

"ಕೊನೆಗೆ ಒಂದು ಮಾತು," ಎಂದಳು ಜಯ. "ಒಲೆಯಿಂದ ಇಳಿಸೋ ಮುಂಚೆ ಒಂದು ಕೆಲಸ ಇದೆ. ಅದನ್ನ ಮಾಡದಿದ್ರೆ ಅದು ಪಾಯಸ ಅಲ್ಲ, ಬರೀ ಸೊಪ್ಪಿನ ನೀರು. ಅದೇನಂದ್ರೆ..."

ಗುಟ್ಟು! ಒಂದಕ್ಷರವೂ ತಪ್ಪಬಾರದೆಂದು ಕಿಟಕಿಯೊಳಗೆ ತಲೆ ತೂರಿಸಿದೆ. ಲಾಟೀನು ನನ್ನ ಎದೆಗೂ ಜೀಪಿನ ಬಾಗಿಲಿಗೂ ನಡುವೆ ಸಿಕ್ಕಿ ಅದುಮಿಹೋಯಿತು. ಸೈರನ್ ಹೊಡೆದುಕೊಂಡಿತು. ಬೆಳ್ಯಪ್ಪನವರು ಬೆಚ್ಚಿ ಕಾಲೆತ್ತಿದರು, ಇಂಜಿನ್ ಕೆಮ್ಮಿ ನಿಂತಿತು. ನಾನು ಹಿಂದಕ್ಕೆ ಹಾರಿದ ರಭಸಕ್ಕೆ ಕೊಡೆಯ ಕಡ್ಡಿ ವಯರಿಗೆ ಸಿಕ್ಕಿ ಅದು ಕಿತ್ತುಬಂತು. ಫೋನು ಸತ್ತಿತು.

ಆ ಸಂಜೆ ಕೊಡಗಿನ ಜನ ರೇಡಿಯೋದಲ್ಲಿ ಕೊನೆಗೆ ಕೇಳಿದ್ದು ಇಷ್ಟು: "ಅದೇನಂದ್ರೆ," ಆಮೇಲೆ ಸೈರನ್, ಆಮೇಲೆ ಮೌನ.

ಮರುದಿನದಿಂದ ನಾನು ರಸ್ತೆಯಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಬಸ್ ಕಂಡಕ್ಟರ್ ಟಿಕೆಟ್ ಕೊಡುವ ಮೊದಲು, "ಮೇಷ್ಟ್ರೇ, ಅದೇನಂದ್ರೆ ಏನು?" ಎಂದು ಕೇಳಿದ. ಹೆಡ್‌ಮಾಸ್ಟರು ಪ್ರಾರ್ಥನೆ ಮುಗಿದ ಕೂಡಲೇ ಪಕ್ಕಕ್ಕೆ ಕರೆದು ಅದನ್ನೇ ಕೇಳಿದರು. ಹಾಲಿನ ಡೈರಿಯಲ್ಲಿ ಏಲಕ್ಕಿಯ ಪಕ್ಷ, ತುಪ್ಪದ ಪಕ್ಷ ಎಂದು ಎರಡು ಬಣವಾಗಿ ಮಾತಿಗೆ ಮಾತು ಬೆಳೆಯುತ್ತಿತ್ತು. ಆನೆ ಬಂದು ನಮ್ಮ ಮನೆ ತುಳಿಯಿತೆಂದು ನಂಬಿದವರೂ ಇದ್ದರು. ಯಾರು ಎಷ್ಟು ಕೇಳಿದರೂ ಜಯ ಬಾಯಿ ಬಿಡಲಿಲ್ಲ. "ಹೇಳಿದ್ರೆ ರೇಡಿಯೋದಲ್ಲೇ ಹೇಳೋದು," ಎಂದಳು.

ಕೇಳುಗರ ಕಾಟ ತಡೆಯಲಾರದೆ ರೇಡಿಯೋದವರು ಕಕ್ಕಡ ಮುಗಿಯುವ ಮೊದಲೇ ಅವಳನ್ನು ಮತ್ತೆ ಕರೆದರು. ಈ ಸಲ ಫೋನಿನ ಸಹವಾಸ ಬೇಡ, ಮಡಿಕೇರಿಯ ಸ್ಟುಡಿಯೋಕ್ಕೇ ಬರಬೇಕು ಎಂದರು. ಬೆಳ್ಯಪ್ಪನವರು ಜೀಪು ತಂದರು. ಜಯಳೂ ಅವ್ವನೂ ರೇಷ್ಮೆ ಸೀರೆಯುಟ್ಟು ಹತ್ತಿದರು. ನಾನೂ ಅಂಗಿ ಬದಲಾಯಿಸಿ ನಿಂತಿದ್ದೆ.

"ನೀವು ಮನೇಲೇ ಇರಿ," ಎಂದಳು ಜಯ. "ಲಾಟೀನಿನ ಜೊತೆ."

ಸರಿ, ಇದ್ದೆ. ಆದರೆ ಈಗ ನಾನು ಹಳೆಯ ಮೇಷ್ಟ್ರಲ್ಲ. ಜೀಪಿನ ಪಕ್ಕ ಮಳೆಯಲ್ಲಿ ನೆನೆದು ಲಾಟೀನಿನ ಗಂಧ ಕುಂಕುಮವೆಲ್ಲ ತೊಳೆದುಹೋಗಿತ್ತು. ಬಲಗಣ್ಣಿನ ಮೇಲೆ ಇನ್ ಎಂದೂ ಎಡಗಣ್ಣಿನ ಮೇಲೆ ಔಟ್ ಎಂದೂ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬೆಳಿಗ್ಗೆ ಬಂದುಹೋದ ಕರೆಂಟಿನಲ್ಲಿ ಅದಕ್ಕೆ ಎರಡು ಚುಕ್ಕೆ ಚಾರ್ಜು ಕೂಡ ಸೇರಿತ್ತು.

ಹೊರಗೆ ಮಳೆ, ಒಳಗೆ ಕತ್ತಲೆ. ಲಾಟೀನಿನಲ್ಲಿ ಬೆಳಕು ಹಾಕಿದೆ, ಅದರ ರೇಡಿಯೋ ಹಚ್ಚಿದೆ. ಜಯಳ ಮಾತನ್ನು ರೆಕಾರ್ಡ್ ಮಾಡಿಟ್ಟು ಅವಳಿಗೆ ಒಪ್ಪಿಸಿದರೆ ನನ್ನ ತಪ್ಪಿಗೆ ಸ್ವಲ್ಪವಾದರೂ ಪರಿಹಾರವಾದೀತೆಂದು ಆಸೆ. ಫೋನಿನಲ್ಲಿ ಚಾರ್ಜು ಕಮ್ಮಿಯಿತ್ತು. ವಯರು ತೆಗೆದುಕೊಂಡು, ಕನ್ನಡಕ ಒರೆಸಿ, ಔಟ್ ಎಂಬುದನ್ನು ಮತ್ತೆ ಮತ್ತೆ ಓದಿ, ಎಡಗಣ್ಣಿಗೇ ಸಿಕ್ಕಿಸಿದೆ. ಫೋನು ಚಾರ್ಜ್ ಆಗತೊಡಗಿತು. ಕೊನೆಗೂ ಲಾಟೀನು ತಾನು ಹುಟ್ಟಿದ ಕೆಲಸವನ್ನು ಮಾಡುತ್ತಿತ್ತು. ನನಗೆ ಆನಂದವಾಯಿತು.

ಜಯಳ ದನಿ ಬಂತು. ಮನೆಯಲ್ಲಿ ನನ್ನ ಮೇಲೆ ರೇಗುವ ದನಿಯೇ, ಆದರೆ ರೇಡಿಯೋದಲ್ಲಿ ಎಷ್ಟು ಮಧುರ! ಸೊಪ್ಪು ಕುದಿಯಿತು, ಅಕ್ಕಿ ಬೆಂದಿತು, ಬೆಲ್ಲ ಕರಗಿತು. ರೇಡಿಯೋದವರು, "ಇಡೀ ಜಿಲ್ಲೆ ಕಾಯ್ತಾ ಇದೆ ಮೇಡಂ, ಈಗಲಾದ್ರೂ ಹೇಳಿ," ಎಂದರು.

"ಒಲೆಯಿಂದ ಇಳಿಸೋ ಮುಂಚೆ," ಎಂದಳು ಜಯ, "ಮರೀದೆ ಒಂದು ಕೆಲಸ ಮಾಡ್ಬೇಕು. ಅದೇನಂದ್ರೆ..."

ಲಾಟೀನು ಆರಿತು. ರೇಡಿಯೋ ನಿಂತಿತು. ತನ್ನಲ್ಲಿದ್ದ ಕೊನೆಯ ಹನಿಯನ್ನೂ ಅದು ಫೋನಿಗೆ ಕೊಟ್ಟುಬಿಟ್ಟಿತ್ತು. ಕತ್ತಲೆಯಲ್ಲಿ ಫೋನೊಂದೇ ನಿಗಿನಿಗಿ ಬೆಳಗುತ್ತಾ, ನಾನು ಉಸಿರು ಬಿಡುವ ಸದ್ದನ್ನು ಬಹಳ ಸ್ಪಷ್ಟವಾಗಿ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು.

ಜೀಪು ವಾಪಸು ಬಂದಾಗ ಜಯಳ ಮುಖ ಅರಳಿತ್ತು. "ಕೇಳಿದ್ರಾ?"

"ಕೇಳಿದೆ. ಬಹಳ ಚೆನ್ನಾಗಿತ್ತು."

"ಹಾಗಾದ್ರೆ ಆ ಗುಟ್ಟು ಏನು, ಹೇಳಿ."

ನಾನು ಲಾಟೀನಿನ ಕಡೆ ನೋಡಿದೆ. ಅವಳೂ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅಷ್ಟು ನಕ್ಕ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಮಾತ್ರ ಯಾರೂ ಹೇಳಕೂಡದೆಂದು ಊರಿಗೆಲ್ಲ ತಾಕೀತು ಮಾಡಿದಳು. ಕೇಳಿದರೆ ಅವ್ವ ಸೆರಗು ಅಡ್ಡ ಹಿಡಿದು ನಗುತ್ತಾಳೆ. ಕಂಡಕ್ಟರ್ ಈಗ ಏನೂ ಕೇಳದೆ ಟಿಕೆಟ್ ಕೊಡುತ್ತಾನೆ. ಹೆಡ್‌ಮಾಸ್ಟರ ಮನೆಯಲ್ಲಿ ಪಾಯಸ ಬಹಳ ಚೆನ್ನಾಗಿ ಬಂತಂತೆ.

ಲಾಟೀನು ಮಾತ್ರ ಮರಳಿ ಹಂದಿಗೂಡು ಸೇರಿತು. ನಾನೇ ಕೊಟ್ಟೆ. ಆದರೆ ಬೆಳ್ಯಪ್ಪನವರು ಬೆಳಕಿಗಷ್ಟೇ ಅದನ್ನು ಇಟ್ಟುಕೊಂಡಿದ್ದಾರೆ. ಹಾಡು ನಿಂತ ದಿನದಿಂದ ಹಂದಿ ಸರಿಯಾಗಿ ಮೇವು ತಿನ್ನುತ್ತಿರಲಿಲ್ಲವೆಂದು, ಅವರು ಆಗಲೇ ಅದಕ್ಕೊಂದು ಬೇರೆ ರೇಡಿಯೋ ತಂದು ಹಾಕಿದ್ದರಂತೆ. ಜಯಳನ್ನು ಸ್ಟುಡಿಯೋಕ್ಕೆ ಕರೆದೊಯ್ದ ಸಂಜೆಯೂ ಆ ರೇಡಿಯೋವನ್ನು ಹಾಕಿಟ್ಟೇ ಬಂದಿದ್ದಾಗಿ ಅವರೇ ಹೇಳಿದರು.

ಎಂದರೆ, ಆ ಗುಟ್ಟು ಹಂದಿಗೂ ಗೊತ್ತು. ವಿಜ್ಞಾನದ ಮೇಷ್ಟ್ರಿಗೆ ಗೊತ್ತಿಲ್ಲ.